ಜರಿಹುಳದ ಭಯ

ಶನಿವಾರ ಬೆಳಿಗ್ಗೆ ಎಚ್ಚರವಾದಾಗ ತಾನು ಮಲಗಿರುವುದು ಮಗಳ ಮಂಚದಲ್ಲಿ ಎಂಬುದು ರೆಜಿಸ್‌ಗೆ ಕೂಡಲೇ ಹೊಳೆಯಲಿಲ್ಲ. ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ಮಂಚದ ಆಚೆಗೆ ಚಾಚಿಕೊಂಡು ಮರಗಟ್ಟಿದ್ದವು. ಬಾಯೊಳಗೆಲ್ಲ ಸಿಮೆಂಟಿನ ದೂಳಿನ ರುಚಿ. ಎದುರಿಗೆ ಗೋಡೆ ಬತ್ತಲಾಗಿ ನಿಂತಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಐದು ಸಂಜೆ, ಊರವರ ಮನೆಗಳ ಗಾರೆ ಕೆಲಸ ಮುಗಿಸಿ ಬಂದು, ಮುಖ ಕೂಡ ತೊಳೆಯದೆ ಅವನೇ ಉಳಿ ಸುತ್ತಿಗೆ ಹಿಡಿದು ಆ ಗೋಡೆಯ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ್ದ. ಈಗ ಒಳಗಿನ ಹಳದಿ ಕಲ್ಲುಗಳು ಒಂದರ ಪಕ್ಕ ಒಂದು ತಣ್ಣಗೆ ಕೂತಿದ್ದವು, ಸಂದುಗಳಲ್ಲೆಲ್ಲ ಕಪ್ಪು. ಮಲಗಿದಲ್ಲಿಂದಲೇ ಅವನು ಒಂದೊಂದು ಸಂದನ್ನೂ ನೋಡುತ್ತಾ ಹೋದ. ಎಲ್ಲೂ ಏನೂ ಅಲುಗಲಿಲ್ಲ. ಮೂರು ದಿನದಿಂದ ಹೀಗೆ ಇಲ್ಲೇ ಮಲಗಿ ಪರೀಕ್ಷೆ ಮಾಡುತ್ತಿದ್ದಾನೆ, ಒಂದೇ ಒಂದು ಜರಿಹುಳ ಹಾಸಿಗೆಯ ಹತ್ತಿರ ಸುಳಿದಿಲ್ಲ. ಇದನ್ನು ಮಗಳಿಗೆ ಹೇಳಬೇಕು, ಆಣೆ ಮಾಡಿ ಹೇಳಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಮ್ಯೂರಿಯೆಲ್ ಅವಳನ್ನು ಕರೆತಂದು ಬಿಡುತ್ತಾಳೆ. ಒಂಬತ್ತು ವರ್ಷದ ನೋಯೆಮಿ ಹದಿನೈದು ದಿನಕ್ಕೊಮ್ಮೆ ಶನಿವಾರ ಅಪ್ಪನ ಮನೆಯಲ್ಲಿ ಮಲಗಬೇಕು ಎಂದು, ಗಂಡ ಹೆಂಡತಿ ಬೇರೆಯಾದಾಗ ಕೋರ್ಟು ಕೊಟ್ಟ ಕಾಗದದಲ್ಲಿದೆ. ಆದರೆ ಹಿಂದಿನ ಎರಡು ಸಲವೂ ಸಂಜೆಯಾಗುತ್ತಿದ್ದಂತೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟಳು. ಹುಳ ಇದೆ, ನಾನು ಮಲಗಲ್ಲ. ಮೊನ್ನೆ ಮ್ಯೂರಿಯೆಲ್ ಫೋನಿನಲ್ಲಿ ಹೇಳಿದ್ದಳು: "ಈ ಸಲವೂ ಮಲಗಲ್ಲ ಅಂದ್ರೆ ಬಲವಂತ ಬೇಡ ರೆಜಿಸ್. ಬರೀ ಹಗಲು ಸಾಕು ಅಂತ ಬರೆಸಿಬಿಡೋಣ." ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿಲ್ಲದೆ ಹೇಳಿದ್ದರಿಂದಲೇ ಅವನಿಗೆ ಹೆಚ್ಚು ದಿಗಿಲಾಗಿತ್ತು.

ಒಂದು ಹುಳ! ಯೋಚಿಸಿದರೆ ನಗು ಬರಬೇಕು. ಮೇ ತಿಂಗಳ ಆ ಸಂಜೆ ಹೊರಗೆ ಇನ್ನೂ ಬಿಸಿಲಿತ್ತು. ಸ್ನಾನಕ್ಕೆ ಹೋದ ನೋಯೆಮಿ "ಪಪ್ಪಾ" ಎಂದಳು. ಕಿರುಚಲಿಲ್ಲ, ಸುಮ್ಮನೆ ಕರೆದಳು. ಸ್ನಾನದ ಬಿಳಿ ತೊಟ್ಟಿಯ ತಳದಲ್ಲಿ ಅದು ಓಡುತ್ತಿತ್ತು. ಅರ್ಧ ಬೆರಳಿನಷ್ಟು ಮೈ, ಮೈಗಿಂತ ಉದ್ದದ ಕಾಲುಗಳು, ಎಷ್ಟೆಂದು ಎಣಿಸುವ ಹಾಗಿಲ್ಲ. ನುಣುಪಾದ ಅಂಚನ್ನು ಹತ್ತಲಾರದೆ ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು, ಮತ್ತೆ ಜಾರುತ್ತಿತ್ತು. ಕಾಲಿಟ್ಟು ಓಡುವ ಹಾಗೆ ಕಾಣುವುದೇ ಇಲ್ಲ ಅದು, ಯಾರೋ ಉಫ್ ಎಂದು ಊದಿದ ಹಾಗೆ ಸರಿಯುತ್ತದೆ. ಅವನು ಚಪ್ಪಲಿ ತೆಗೆದ, ಹೊಡೆದ, ಮುಗಿಯಿತು. ನಲ್ಲಿ ಬಿಟ್ಟು ತೊಳೆದು, "ಹೋಯ್ತು ನೋಡು" ಎಂದು ನಗುತ್ತಾ ತಿರುಗಿದರೆ, ಮಗಳು ಬಾಗಿಲ ಬಳಿ ಟವೆಲ್ಲನ್ನು ಗದ್ದದವರೆಗೆ ಸುತ್ತಿಕೊಂಡು ನಿಂತಿದ್ದಳು, ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಪಾಪ, ಎಷ್ಟು ಹೆದರಿಬಿಟ್ಟಿದೆ ಮಗು ಎಂದು ಅವನ ಕರುಳು ಚುರುಕ್ಕೆಂದಿತು. ಊಟಕ್ಕೆ ಕೂತವಳು ಹೊಟ್ಟೆನೋವು ಎಂದಳು, ಅಮ್ಮನಿಗೆ ಫೋನು ಮಾಡು ಎಂದಳು. ಅವತ್ತಿನಿಂದ ಇದೇ ಕತೆ. ಅವನು ಮುಂಗೋಪಿ ಎಂದು ಮ್ಯೂರಿಯೆಲ್ ಯಾರ ಎದುರಿಗೂ, ವಕೀಲರ ಎದುರಿಗೂ ಹೇಳಿದವಳಲ್ಲ. ಆ ಮಟ್ಟಿಗೆ ಅವಳು ದೊಡ್ಡವಳು. ಹಳೆಯ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಗುದ್ದಿದ್ದು ನಿಜ. ಹಲಗೆ ಒಡೆದಿದ್ದೂ ನಿಜ. ಆದರೆ ಬಾಗಿಲಿಗೆ. ಮನುಷ್ಯರ ಮೇಲೆ ಕೈ ಮಾಡಿದವನಲ್ಲ ಅವನು, ಎಲ್ಲಿ ಬೇಕಾದರೂ ಎದೆ ಮುಟ್ಟಿಕೊಂಡು ಹೇಳಬಲ್ಲ. ಇಷ್ಟಕ್ಕೂ ಈಗ ಆ ಮಾತೇಕೆ ನೆನಪಾಯಿತೋ, ಅವನು ಎದ್ದು ಕೂತು ಕೂದಲಿನ ದೂಳು ಕೊಡವಿಕೊಂಡ.

ತಪ್ಪು ಇದ್ದದ್ದು ಗೋಡೆಯಲ್ಲಿ, ಅದನ್ನು ಅವನು ಒಪ್ಪಿಕೊಂಡಿದ್ದ. ವಿದುರ್ಲ್ ನದಿ ಉಕ್ಕಿ ಬರುವ ಈ ಸೊಮ್ಮಿಯೆರ್ ಊರಿನಲ್ಲಿ ಹಿಂದಿನವರು ಯಾರೂ ನೆಲಮಹಡಿಯಲ್ಲಿ ಮಲಗುತ್ತಿರಲಿಲ್ಲ. ಕೆಳಗೆ ಪೀಪಾಯಿ, ಕತ್ತೆ, ಸೌದೆ, ಮೇಲೆ ಮನುಷ್ಯರು. ನೀರು ಬಂದರೆ ಪೀಪಾಯಿ ತೇಲುತ್ತದೆ, ನೀರು ಇಳಿದ ಮೇಲೆ ಕಲ್ಲು ಕುಡಿದ ನೀರನ್ನು ವರ್ಷಗಟ್ಟಲೆ ಮೆಲ್ಲಗೆ ಹೊರಗೆ ಬಿಡುತ್ತದೆ. ಆದ್ದರಿಂದ ಕಲ್ಲುಗೋಡೆಗೆ ಸುಣ್ಣದ ಗಾರೆಯನ್ನೇ ಬಳಿಯಬೇಕು, ಸುಣ್ಣ ನೀರನ್ನು ಬಿಟ್ಟುಕೊಡುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಗಾರೆ ಬಳಿಯುವ ಕರಣೆ ಹಿಡಿದ ಮೊದಲ ವಾರದಲ್ಲೇ ಹುಡುಗರಿಗೆ ಹೇಳಿಕೊಡುವ ಪಾಠ ಇದು. ಇಪ್ಪತ್ತು ವರ್ಷದಿಂದ ಅವನು ಊರಿನ ಎಷ್ಟು ಮನೆಗಳಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಈ ಪಾಠ ಒಪ್ಪಿಸಿದ್ದಾನೆ! ಆದರೆ ಸುಣ್ಣವನ್ನು ಮೂರು ಕೈ, ಅಂದರೆ ಮೂರು ಪದರ, ಬಳಿಯಬೇಕು, ಒಂದು ಕೈಗೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಒಣಗಬೇಕು. ಎರಡು ವರ್ಷದ ಹಿಂದೆ ಈ ನೆಲಮಹಡಿಯನ್ನು ಬಾಡಿಗೆಗೆ ಹಿಡಿದಾಗ ಮಗಳು ಮೊದಲ ಸಲ ಬರುವುದಕ್ಕೆ ಉಳಿದಿದ್ದದ್ದು ಮೂರೇ ದಿನ. ಒದ್ದೆ ಗೋಡೆಯ ನಡುವೆ ಅವಳನ್ನು ಮಲಗಿಸುವುದೇ? ಅವನು ಒಂದೇ ಉಸಿರಿಗೆ ಸಿಮೆಂಟು ಎರಚಿ, ಉಜ್ಜಿ, ಅದು ಪೂರಾ ಆರುವ ಮೊದಲೇ ಬಿಳಿ ಬಣ್ಣ ಹೊಡೆದ. ಯಾರಿಗೂ ಕಾಣದಿರಲಿ ಎಂದು ಸಿಮೆಂಟಿನ ಖಾಲಿ ಚೀಲಗಳನ್ನು ಪಕ್ಕದ ಬೀದಿಯ ಕಸದ ಡಬ್ಬಕ್ಕೆ ಹಾಕಿ ಬಂದಿದ್ದ. ನೋಯೆಮಿ ಬಂದವಳೇ ಅಂಗೈಯನ್ನು ಗೋಡೆಯ ಉದ್ದಕ್ಕೂ ಸವರಿ "ಎಷ್ಟು ನುಣುಪು ಪಪ್ಪಾ!" ಎಂದಿದ್ದಳು. ಆಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಬೊಕ್ಕೆ ಎದ್ದವು. ಬೀರುವಿನ ಹಿಂದೆ ಬೂಷ್ಟು ಬಂತು. ಅವಳ ಕತೆಪುಸ್ತಕಗಳ ನಡುವೆ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳಗಳು ಬಂದವು, ಆಮೇಲೆ ಅವನ್ನು ತಿನ್ನುವ ಜರಿಗಳು ಬಂದವು. ಜರಿಗೆ ಬೇಕಾದದ್ದು ತೇವ, ಕತ್ತಲು, ಊಟ. ಮೂರನ್ನೂ ಅವನೇ ಕೈಯಾರೆ ಒದಗಿಸಿಕೊಟ್ಟಿದ್ದ.

ಹತ್ತು ಗಂಟೆಗೆ ಸಂತೆಗೆ ಹೋದ. ಸೇತುವೆಯ ಬುಡದ ಚೌಕದಲ್ಲಿ ಶನಿವಾರದ ಜನ, ಕರಬೂಜದ ರಾಶಿ, ಆಲಿವ್ ಕಾಯಿಯ ಉಪ್ಪುನೀರಿನ ವಾಸನೆ. ಕರಬೂಜವನ್ನು ಮೂಗಿಗೆ ಹಿಡಿದು ನೋಡುತ್ತಿದ್ದಾಗ ಬೆನ್ನಿಗೆ ಯಾರೋ ತಟ್ಟಿದರು. ಪುಜೋಲ್, ದ್ರಾಕ್ಷಿ ತೋಟದವರು, ಕಳೆದ ವರ್ಷ ಅವರ ಇಡೀ ಮನೆಗೆ ರೆಜಿಸ್ ಸುಣ್ಣದ ಗಾರೆ ಮಾಡಿದ್ದ.

"ಏನ್ರೀ ಮೇಸ್ತ್ರಿ, ಬೀದಿಲೆಲ್ಲ ನಿಮ್ಮನೆ ಸುತ್ತಿಗೆ ಸದ್ದೇ ಸುದ್ದಿ! ಬಾಗಿಲಲ್ಲಿ ಸಿಮೆಂಟ್ ಚಕ್ಕೆ ರಾಶಿ ಬಿದ್ದಿದೆ ಅಂತಾರೆ. ಕಲ್ಲುಗೋಡೆಗೆ ಸಿಮೆಂಟ್ ಬಳಿದ ಆ ಪುಣ್ಯಾತ್ಮ ಯಾರು?"

"ಮುಂಚೆ ಇದ್ದ ಬಾಡಿಗೆಯವರು" ಎಂದುಬಿಟ್ಟ ರೆಜಿಸ್. ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಕತ್ತೆ ನನ್ಮಕ್ಳು! ನೀವು ನಮ್ಮನೇಲಿ ಹೇಳ್ತಿದ್ರಲ್ಲ, ಗೋಡೆ ಬಾಯಿ ಮುಚ್ಚಿದ್ರೆ ಅದು ಬೇರೆ ಕಡೆಯಿಂದ ಕಕ್ಕುತ್ತೆ ಅಂತ. ನನ್ನ ಹೆಂಡ್ತಿ ಇವತ್ತಿಗೂ ಬಂದವರಿಗೆಲ್ಲ ಅದನ್ನೇ ಹೇಳ್ತಾಳೆ." ಕರಬೂಜ ಮಾರುವವಳೂ ನಕ್ಕಳು. ರೆಜಿಸ್ ಕೂಡ ನಕ್ಕ, ಕಿವಿ ಬಿಸಿಯಾಗುತ್ತಿದ್ದರೂ ನಕ್ಕ. ಇಲ್ಲದ ಬಾಡಿಗೆಯವನೊಬ್ಬನನ್ನು ಹುಟ್ಟಿಸಿ ತನ್ನ ತಪ್ಪನ್ನು ಅವನ ತಲೆಗೆ ಕಟ್ಟಿ ಬಂದಾಯಿತು. ದಾರಿಯುದ್ದಕ್ಕೂ ಆ ಬಾಡಿಗೆಯವನು ಅವನ ಜೊತೆಗೇ ನಡೆದು ಬರುತ್ತಿದ್ದಂತೆ ಅನ್ನಿಸಿತು. ಗಟ್ಟಿ ಆಳು, ಅವಸರದವನು, ಮಾಡಿದ್ದನ್ನು ಮಾಡಿಲ್ಲವೆನ್ನುವವನು. ಸೇತುವೆಯ ಕೆಳಗೆ ನದಿ ಪಾಚಿಗಟ್ಟಿ, ಏನೂ ಅರಿಯದ ಮಗುವಿನಂತೆ ಬಿದ್ದುಕೊಂಡಿತ್ತು. ಅವನು ಸ್ವಲ್ಪ ಹೊತ್ತು ಕಟ್ಟೆಗೆ ಒರಗಿ ಅದನ್ನೇ ನೋಡಿದ.

ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೇಲಿನ ಕಿಟಕಿಯಿಂದ ಮದಾಮ್ ರೂವಿಯೆರ್ ಕೂಗಿದರು. ಎಂಬತ್ತೆರಡು ವರ್ಷದ ಮುದುಕಿ, ಇಡೀ ದಿನ ಮೊಣಕೈಗೆ ದಿಂಬು ಇಟ್ಟುಕೊಂಡು ಬೀದಿ ಕಾಯುತ್ತಾರೆ.

"ಲೋ ಮಗಾ, ಇವತ್ತೂ ಕುಟ್ತೀಯೇನೋ? ನನ್ನ ಹಲ್ಲೆಲ್ಲ ಅಲ್ಲಾಡ್ತಿದೆ, ಇರೋದೇ ನಾಲ್ಕು."

"ಇಲ್ಲ ಮದಾಮ್, ಮುಗೀತು. ಮಗಳು ಬರ್ತಾಳೆ ಇವತ್ತು."

"ಒಂದು ಜರಿಗೆ ಹೆದರಿ ಇಡೀ ಗೋಡೆ ಕೆಡವಿದವನನ್ನ ನಾನು ಕಂಡೇ ಇಲ್ಲ ಬಿಡು. ಅದೇನು ಕಚ್ಚುತ್ತಾ, ಅನ್ನ ಕೇಳುತ್ತಾ? ನನ್ನ ಮಂಚದ ಕೆಳಗೆ ಒಂದಿದೆ, ನಾಲ್ಕು ವರ್ಷದಿಂದ. ತಿಗಣೆ ಇಲ್ಲ, ಜಿರಲೆ ಇಲ್ಲ. ಆ ದೊಡ್ಡ ನೆರೆ ಬಂತಲ್ಲ, ನೀರಿಳಿದ ಮೇಲೆ ಈ ಬೀದಿಗೆ ಮೊದಲು ಬಂದದ್ದು ಯಾರು ಗೊತ್ತಾ? ಮೇಯರ್ರೂ ಅಲ್ಲ, ಪೊಲೀಸರೂ ಅಲ್ಲ. ಜರಿ!"

"ನನಗೇನೂ ಹೆದರಿಕೆ ಇಲ್ಲ ಮದಾಮ್. ಮಗು ಹೆದರ್ತಾಳೆ."

ಮುದುಕಿ ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. "ಹೋಗು, ಕರಬೂಜ ನೀರಿಗೆ ಹಾಕು, ತಣ್ಣಗಾಗಲಿ" ಎಂದರು. ಅವರ ಮನೆಯ ನೆಲವೇ ತನ್ನ ಮನೆಯ ಸೂರು ಎಂಬುದು, ಇಲ್ಲಿನ ಸದ್ದೆಲ್ಲ ಅಲ್ಲಿಗೆ ಕೇಳುತ್ತದೆ ಎಂಬುದು ಆ ಹೊತ್ತಿಗೆ ಅವನ ತಲೆಗೆ ಬರಲಿಲ್ಲ.

ನಿಜಕ್ಕೂ ಅವನಿಗೆ ಈಗ ಹೆದರಿಕೆ ಇರಲಿಲ್ಲ. ಗುರುವಾರ ಸಂಜೆ ಆದದ್ದನ್ನು ಯಾರಿಗೂ ಹೇಳಿರಲಿಲ್ಲ, ಮಗಳಿಗಾಗಿ ಇಟ್ಟುಕೊಂಡಿದ್ದ. ಮೂಲೆಯ ಸಿಮೆಂಟಿನ ಒಂದು ದೊಡ್ಡ ಚಪ್ಪಡಿ, ಬಾಗಿಲಿನಷ್ಟು ಅಗಲ, ಉಳಿ ತಾಗಿದ್ದೇ ತಡ ಉಸ್ಸೆಂದು ಗೋಡೆಯಿಂದ ಬಿಟ್ಟುಕೊಂಡು ಮುಂದಕ್ಕೆ ವಾಲಿತ್ತು. ಅದರ ಹಿಂದೆ ಕಲ್ಲಿನ ಮೇಲೆ ನೀರು ಬೆವರಿನಂತೆ ಹೊಳೆಯುತ್ತಿತ್ತು. ಅಲ್ಲಿ ಅವು ಇದ್ದವು. ಒಂದು ದೊಡ್ಡದು, ಅದರ ಸುತ್ತ ಸಣ್ಣವು, ಸಣ್ಣವಕ್ಕೆ ಇನ್ನೂ ನಾಲ್ಕೈದು ಜೊತೆ ಕಾಲಷ್ಟೇ ಮೂಡಿದ್ದವು. ಪೊರೆ ಕಳಚಿದ ಹಾಗೆಲ್ಲ ಒಂದೆರಡು ಜೊತೆ ಕಾಲು ಸೇರಿಕೊಳ್ಳುತ್ತವಂತೆ. ಹುಳ ಕೊಲ್ಲುವ ಔಷಧದ ಡಬ್ಬಿ ಅವನ ಕೈಗೆಟಕುವಲ್ಲೇ ಇತ್ತು. ಬೆಳಕು ಬಿದ್ದರೂ ಅವು ಓಡಲಿಲ್ಲ. ಬಾಗಿಲಿನಿಂದ ಬಂದ ಇಳಿಬಿಸಿಲು ಅವುಗಳ ಕಾಲಿನೊಳಗಿಂದಲೇ ಹಾದು ಕಲ್ಲಿನ ಮೇಲೆ ಕೂದಲಿನಂಥ ನೆರಳು ಬರೆದಿತ್ತು, ನೆರಳುಗಳು ಮಾತ್ರ ಮೆಲ್ಲಗೆ ಆಡುತ್ತಿದ್ದವು, ನೀರಿನ ತಳದ ಹುಲ್ಲಿನ ಹಾಗೆ. ಅವನು ಎಷ್ಟು ಹೊತ್ತು ನೋಡುತ್ತಾ ನಿಂತನೋ. ತೋಳು ಸೋಲುತ್ತಿತ್ತು, ಚಪ್ಪಡಿಯನ್ನು ಭುಜದಿಂದ ತಡೆದು ಹಿಡಿದಿದ್ದ. ಮದುವೆಯಾದ ಹೊಸತರಲ್ಲಿ ಭಾನುವಾರದ ಮಧ್ಯಾಹ್ನ, ಕಿಟಕಿಬಾಗಿಲು ಮುಚ್ಚಿದ ಕೋಣೆಯಲ್ಲಿ ಮ್ಯೂರಿಯೆಲ್ ತೋಳಿನ ಮೇಲೆ ಮಲಗಿದ್ದಾಗ, ಅವಳಿಗೆ ಎಚ್ಚರವಾಗದಿರಲೆಂದು ಹೀಗೇ ತೋಳು ಜೋಮು ಹಿಡಿದರೂ ಅಲುಗದೆ ಇರುತ್ತಿದ್ದ. ಅಂಥ ಮನುಷ್ಯನೂ ತಾನೇ ಅಲ್ಲವೇ? ಕೊನೆಗೆ ಒಂದೊಂದೇ ಅವು ಸಂದಿಗೆ ಸರಿದು ಹೋದ ಮೇಲೆ ಅವನು ಚಪ್ಪಡಿಯನ್ನು ಕೆಳಗಿಳಿಸಿದ. ಔಷಧದ ಡಬ್ಬಿಯನ್ನು ಮುಚ್ಚಳ ತೆಗೆಯದೆಯೇ ಹೊರಗಿಟ್ಟ. ತೇವ ಆರಿದರೆ ಅವೇ ಬೇರೆ ಜಾಗ ನೋಡಿಕೊಳ್ಳುತ್ತವೆ. ತನ್ನ ಬಗ್ಗೆ ತನಗೇ ಬಹಳ ದಿನದ ಮೇಲೆ ಅಂಥದೊಂದು ಒಳ್ಳೆಯ ಭಾವನೆ ಹುಟ್ಟಿತ್ತು.

ಹನ್ನೆರಡಕ್ಕೆ ಸರಿಯಾಗಿ ಅವರು ಬಂದರು. ನೋಯೆಮಿ ತುದಿಗಾಲಲ್ಲಿ ನಿಂತು ಇಲ್ಲಿನ ರೂಢಿಯಂತೆ ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿದಳು, ಬೇಗ ಬೇಗ. ಮ್ಯೂರಿಯೆಲ್ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಕುತ್ತಿಗೆ ಚಾಚಿ ಕೋಣೆಯೊಳಗೆ ನೋಡಿದಳು.

"ಅಯ್ಯೋ, ಇದೇನು ಮಾಡ್ಕೊಂಡಿದ್ದೀಯ? ಇಡೀ ಗೋಡೆನಾ?"

"ಇಡೀ ಗೋಡೆ. ತೇವ ಪೂರಾ ಆರಲಿ, ಆಮೇಲೆ ಸುಣ್ಣ. ಹುಳ ಬರಲ್ಲ ಇನ್ನು. ಮೂರು ದಿನದಿಂದ ನಾನೇ ಅಲ್ಲಿ ಮಲಗಿ ನೋಡಿದೀನಿ."

"ಆ ಚೋಟುದ್ದ ಮಂಚದಲ್ಲಾ?" ಅವಳಿಗೆ ನಗು ಬಂತು. ಆಮೇಲೆ ಅದು ತಾನಾಗಿ ಹೋಯಿತು. "ಚೀಲ ತಂದಿದ್ದಾಳೆ. ಅವಳಾಗಿ ಇರ್ತೀನಿ ಅಂದ್ರೆ ಇರಲಿ. ಆರು ಗಂಟೆಗೆ ಫೋನ್ ಮಾಡು, ಮಾತಾಡೋಣ."

"ಇರ್ತಾಳೆ" ಎಂದ ರೆಜಿಸ್. ನೋಯೆಮಿ ಆ ಹೊತ್ತಿಗೆ ಒಳಗೆ ಹೋಗಿ ಗೋಡೆಯ ಮುಂದೆ ನಿಂತಿದ್ದಳು, ಚೀಲ ಇನ್ನೂ ಹೆಗಲಲ್ಲೇ ಇತ್ತು.

ಬೆಣ್ಣೆ ಹಾಕಿದ ಸಣ್ಣ ಪಾಸ್ತಾ, ಹ್ಯಾಮು, ಆಮೇಲೆ ಕರಬೂಜ. ಅವಳಿಗಿಷ್ಟವಾದದ್ದೇ. ಅವಳು ಚೆನ್ನಾಗಿ ಉಂಡಳು, ಶಾಲೆಯ ಸುದ್ದಿ ಹೇಳಿದಳು, ಲೋಟಕ್ಕೆ ನೀರು ಬೇಕಾದಾಗ "ದಯವಿಟ್ಟು" ಎಂದಳು. ಇಷ್ಟು ಮರ್ಯಾದೆ ಯಾವಾಗ ಕಲಿತಳು ಎಂದು ಅವನಿಗೆ ಆಶ್ಚರ್ಯ. ಚಮಚ ಕೆಳಗೆ ಬಿದ್ದಾಗ ಅವಳು ಅವನ ಮುಖ ನೋಡಿ, ಆಮೇಲೆ ಬಗ್ಗಿ ಎತ್ತಿಕೊಂಡಳು. ಊಟವಾದ ಮೇಲೆ ಬೀದಿಯವರೆಲ್ಲ ಬಿಸಿಲಿಗೆ ಕಿಟಕಿಬಾಗಿಲು ಎಳೆದುಕೊಂಡರು, ಅವನೂ ಎಳೆದ. ಕೋಣೆ ಹಸಿರುಗತ್ತಲಾಯಿತು. ಹಲಗೆಗಳ ಸಂದಿನಿಂದ ಬಿದ್ದ ಬೆಳಕಿನ ಗೆರೆಗಳು ಕಲ್ಲಿನ ಮೇಲೆ ಅಡ್ಡಡ್ಡ ಮಲಗಿದವು, ದೂಳು ಅವುಗಳೊಳಗೆ ಹತ್ತುತ್ತಾ ಇಳಿಯುತ್ತಾ ಇತ್ತು. ಇಬ್ಬರೂ ನೆಲದ ಮೇಲೆ ಕಂಬಳಿ ಹಾಸಿ ಗೋಡೆಗೆದುರಾಗಿ ಕೂತರು. ಕೊನೆಯ ಚೂರುಗಳನ್ನು ಕೆರೆಯುತ್ತಿದ್ದ ಕರಣೆ ಅಲ್ಲೇ ಬಿದ್ದಿತ್ತು. ಅವನು ಪಿಸುದನಿಯಲ್ಲಿ, ಗುಟ್ಟು ಹೇಳುವವನಂತೆ, ಗುರುವಾರ ಕಂಡದ್ದನ್ನೆಲ್ಲ ಹೇಳಿದ. ಮರಿಗಳಿಗೆ ನಾಲ್ಕೈದೇ ಜೊತೆ ಕಾಲು ಎಂದ. ದೊಡ್ಡದಕ್ಕೆ ಮೂವತ್ತು ಜೊತೆ ಎಂದ.

"ಹದಿನೈದು ಜೊತೆ" ಎಂದಳು ನೋಯೆಮಿ. "ಮೂವತ್ತು ಕಾಲು. ಯಾರಾದ್ರೂ ಹಿಡಿದ್ರೆ ಕಾಲನ್ನ ಬಿಟ್ಟು ಓಡಿಹೋಗುತ್ತೆ. ಆಮೇಲೆ ಮತ್ತೆ ಬರುತ್ತೆ ಕಾಲು."

"ನಿನಗೆ ಹೇಗೆ ಗೊತ್ತು?"

"ಶಾಲೇಲಿ ಹೇಳಿದೆ. ಎಲ್ರೂ ಒಂದೊಂದು ಪ್ರಾಣಿ ಬಗ್ಗೆ ತರಗತಿ ಮುಂದೆ ಹೇಳ್ಬೇಕಿತ್ತು. ಎಲ್ಲಾ ಕುದುರೆ, ಡಾಲ್ಫಿನ್ ಅಂದ್ರು. ನಾನು ಇದನ್ನ ತಗೊಂಡೆ. ದೊಡ್ಡ ಚಿತ್ರ ಬರೆದೆ, ಟೀಚರ್ ಅದನ್ನ ಇನ್ನೂ ಗೋಡೆ ಮೇಲೆ ಇಟ್ಟಿದಾರೆ." ಅವಳ ದನಿಯಲ್ಲಿ ಹೆಮ್ಮೆ ಇತ್ತು. "ತೊಟ್ಟೀಲಿ ಯಾಕೆ ಸಿಕ್ಕೊಳುತ್ತೆ ಗೊತ್ತಾ? ನೀರು ಹುಡುಕ್ಕೊಂಡು ಬರುತ್ತೆ, ಜಾರಿ ಬೀಳುತ್ತೆ, ಹತ್ತಕ್ಕಾಗಲ್ಲ. ಒಂದು ಟವೆಲ್ ಇಳಿಬಿಟ್ರೆ ಸಾಕು, ಅದೇ ಹತ್ಕೊಂಡು ಹೋಗುತ್ತೆ."

ರೆಜಿಸ್‌ಗೆ ಏನೋ ಸರಿಹೊಂದಲಿಲ್ಲ. ನಿದ್ದೆ ಬಂದವನ ಮನಸ್ಸಿನಂತೆ ಅವನ ಮನಸ್ಸು ಆ ಮಾತಿನ ಸುತ್ತ ಮೆಲ್ಲಗೆ ತಿರುಗಿತು. ಹುಳಕ್ಕೆ ಹೆದರಿ ಮಲಗದ ಮಗು ಅದರ ಮೂವತ್ತು ಕಾಲನ್ನೂ ಒಂದೊಂದಾಗಿ ಬರೆದು ಬಣ್ಣ ತುಂಬುತ್ತದೆಯೇ? ಹೆದರಿಕೆ ಕಳೆದುಕೊಳ್ಳುವುದಕ್ಕೇ ಬರೆದಿರಬೇಕು, ಜಾಣೆ ನನ್ನ ಮಗಳು ಎಂದುಕೊಂಡ. ಹಾಗಾದರೆ ಇವತ್ತು ಮಲಗುತ್ತಾಳೆ. ಅವನ ಎದೆಯೊಳಗೆ ಬೆಚ್ಚಗೆ ಏನೋ ಹರಡಿತು. ಬೆಳಕಿನ ಗೆರೆಗಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿದಿದ್ದವು, ಮೇಲಿನ ಮನೆಯಲ್ಲಿ ರೇಡಿಯೊ ಗೊಣಗುತ್ತಿತ್ತು, ಮಗಳ ಮೈಯಿಂದ ಕರಬೂಜದ ವಾಸನೆ ಬರುತ್ತಿತ್ತು. ಹೀಗೇ ಕೂತಿರಬೇಕು, ಸಂಜೆ ಆಗದಿರಲಿ ಎನ್ನಿಸುತ್ತಿತ್ತು.

ಆಗಲೇ ಅದು ಬಂತು. ನೆಲದಿಂದ ಒಂದು ಮೊಳ ಮೇಲೆ, ಎರಡು ಕಲ್ಲಿನ ನಡುವಿನ ಕಪ್ಪಿನಿಂದ ಮೊದಲು ಎರಡು ಮೀಸೆ, ಆಮೇಲೆ ಕಾಲುಗಳ ಒಂದು ಅಲೆ. ಬೆಳಕಿನ ಗೆರೆಯ ಅಂಚಿನಲ್ಲಿ ನಿಂತುಕೊಂಡಿತು. ರೆಜಿಸ್ ಮಗಳ ಕಡೆ ತಿರುಗಿ ನಕ್ಕ. ನೋಡು, ನಿನ್ನ ಅಪ್ಪನಿಗೆ ಏನೂ ಆಗುವುದಿಲ್ಲ ಎಂಬ ನಗೆ. ನೋಯೆಮಿ ನಗಲಿಲ್ಲ. ಅವಳು ಜರಿಯನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಅವನ ಬಲಗೈಯ ಮೇಲೆ ನೆಟ್ಟಿತ್ತು, ಮುಖದಲ್ಲಿ ಅವತ್ತಿನ ಹಾಗೇ ಒಂದು ತೊಟ್ಟು ರಕ್ತವಿರಲಿಲ್ಲ. ಅವನೂ ತನ್ನ ಕೈ ನೋಡಿಕೊಂಡ. ಕೈಯಲ್ಲಿ ಕರಣೆ ಇತ್ತು. ಯಾವಾಗ ಎತ್ತಿಕೊಂಡನೋ ಅವನಿಗೆ ಗೊತ್ತಿಲ್ಲ, ಭುಜದವರೆಗೆ ಎತ್ತಿ ಹಿಡಿದಿದ್ದ, ಗೆಣ್ಣುಗಳು ಬೆಳ್ಳಗಾಗಿದ್ದವು. ಮುಖ ನಗುತ್ತಿತ್ತು, ಕೈ ಮೇಲೆದ್ದಿತ್ತು.

ಅವನು ಕರಣೆಯನ್ನು ಕಂಬಳಿಯ ಮೇಲೆ ಇಟ್ಟ. ಕೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತ. ಜರಿ ಒಂದು ಕ್ಷಣ ಅಲ್ಲೇ ಇದ್ದು, ಮೇಲಕ್ಕೆ ಹರಿದು, ಇನ್ನೊಂದು ಸಂದಿನೊಳಗೆ ಇಲ್ಲವಾಯಿತು.

"ನೋಯೆಮಿ" ಎಂದ. "ನಿಂಗೆ ಹುಳದ ಭಯ ಇಲ್ಲ, ಅಲ್ವಾ?"

ಅವಳು ಕಂಬಳಿಯ ಅಂಚಿನ ದಾರ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಕಂಡ್ರೆ ಭಯಾನಾ?"

"ಹನ್ನೊಂದು ಸಲ ಹೊಡೆದೆ" ಎಂದಳು ಅವಳು, ತೀರಾ ಮೆಲ್ಲಗೆ. "ಮೊದಲ್ನೇ ಏಟಿಗೇ ಸತ್ತೋಗಿತ್ತು. ಬರೀ ಕಾಲು ಅಲ್ಲಾಡ್ತಿತ್ತು. ನಾನು ಸಾಕು ಪಪ್ಪಾ, ಸಾಕು ಪಪ್ಪಾ ಅಂದೆ. ನಿಂಗೆ ಕೇಳಿಸ್ಲಿಲ್ಲ. ಕೆಟ್ಟ ಮಾತು ಬೈತಾ ಹೊಡೀತಿದ್ದೆ. ಮೇಲಿನ ಅಜ್ಜಿ ನೆಲ ಕುಟ್ಟಿದ್ರು, ಅದೂ ಕೇಳಿಸ್ಲಿಲ್ಲ."

ಅವನಿಗೆ ಒಂದೇ ಏಟು ನೆನಪಿತ್ತು. ಚಪ್ಪಲಿ ತೆಗೆದ, ಹೊಡೆದ, ಮುಗಿಯಿತು. ಉಳಿದ ಹತ್ತು ಎಲ್ಲಿಗೆ ಹೋದವು? ಹೊಡೆದವನು ತಾನಲ್ಲ, ಮುಂಚೆ ಇದ್ದ ಯಾರೋ ಎನ್ನೋಣವೇ? ಅವನು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದ, ಏನೂ ಬರಲಿಲ್ಲ, ಬರೀ ಬಿಳಿ. ನಾಚಿಕೆಯಿಂದ ಅವನಿಗೆ ಮೈಯೆಲ್ಲ ಉರಿಯಿತು. ಮಗಳು ತನಗೆ ಹೆದರುತ್ತಾಳೆ ಎಂಬ ಮಾತನ್ನು ಅವನು ತನ್ನೊಳಗೇ ಒಂದು ಸಲ, ಎರಡು ಸಲ ಹೇಳಿಕೊಂಡ. ಅದು ನಿಜವಾಗಿತ್ತು.

"ಮತ್ತೆ ಹುಳ ಅಂತ ಯಾಕೆ ಹೇಳಿದೆ ಮರಿ?"

"ನಿಂಗೆ ಬೇಜಾರಾಗುತ್ತೆ ಅಂತ." ಅವಳಿಗೆ ಅಳು ಬಂದಿತ್ತು, ನುಂಗಿಕೊಳ್ಳುತ್ತಿದ್ದಳು. "ಹುಳ ಅಂದ್ರೆ ಯಾರಿಗೂ ಬೇಜಾರಾಗಲ್ಲ. ನೀನು ಗೋಡೆ ಒಡೀತೀಯ ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನಿಂದ ಇಷ್ಟೆಲ್ಲ ಆಯ್ತು."

"ನಿನ್ನಿಂದ ಅಲ್ಲ. ಗೋಡೆಗೆ ಸಿಮೆಂಟ್ ಬಳಿದದ್ದು ನಾನು. ಹೊಡೆದದ್ದೂ ನಾನು. ಎರಡೂ ನಾನೇ." ಇನ್ನೂ ಏನಾದರೂ ಹೇಳಬೇಕಿತ್ತು, ಇನ್ನು ಮುಂದೆ ಹಾಗೆ ಮಾಡಲ್ಲ ಎಂದು ಆಣೆ ಮಾಡಬೇಕಿತ್ತು. ಆದರೆ ಈಗ ತಾನೇ ಕೈ ಅವನನ್ನು ಕೇಳದೆ ಎದ್ದಿತ್ತು, ಅದನ್ನು ಅವಳೂ ನೋಡಿದ್ದಳು. ಆಣೆ ಮಾಡಲು ಅವನಿಗೆ ಬಾಯಿ ಬರಲಿಲ್ಲ. "ನನ್ನದು ತಪ್ಪಾಯ್ತು ಮರಿ" ಎಂದಷ್ಟೇ ಹೇಳಿದ. ಅವಳನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು, ತೊಡೆಯ ಕೆಳಗಿಂದ ಕೈ ತೆಗೆಯಲಿಲ್ಲ.

ಆರು ಗಂಟೆಗೆ ಅವನು ಕಿಟಕಿಬಾಗಿಲು ತೆರೆದ, ಬೀದಿಯ ಗದ್ದಲ ಒಳಗೆ ಬಂತು. ನೋಯೆಮಿ ಮೇಜಿನ ಬಳಿ ಕೂತು ಅವನನ್ನೇ ನೋಡುತ್ತಿದ್ದಳು. ಚೀಲ ಬಾಗಿಲ ಪಕ್ಕದಲ್ಲಿತ್ತು. ಅವನು ಅವಳ ಎದುರಿಗೇ ಫೋನು ಮಾಡಿದ. ಒಂದೇ ಒಂದು ಮಾತು, ಹುಳಕ್ಕೆ ಇನ್ನೂ ಹೆದರ್ತಾಳೆ ಎಂಬ ಮಾತು, ಈಗಲೂ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಹಾಗೆಂದರೆ ಇನ್ನೊಂದು ಸಲ ಅವಕಾಶ ಸಿಗಬಹುದು.

"ಮ್ಯೂರಿಯೆಲ್, ಅವಳು ಹೆದರೋದು ಹುಳಕ್ಕಲ್ಲ. ನನಗೆ."

"ಅವಳು ಹೇಳಿದ್ಲಾ?"

"ನಾನು ಕೇಳಿದೆ, ಹೇಳಿದ್ಲು."

"ನಂಗೆ ಹೇಳಿರ್ಲಿಲ್ಲ" ಎಂದಳು ಮ್ಯೂರಿಯೆಲ್. ಆಮೇಲೆ, "ಆದ್ರೆ ಗೊತ್ತಿತ್ತು" ಎಂದಳು.

"ಬರೀ ಹಗಲು ಸಾಕು ಅಂತ ಬರೆಸೋದಿದ್ರೆ ಬರೆಸು. ನಾನು ಅಡ್ಡ ಬರಲ್ಲ." ಫೋನನ್ನು ಮಗಳ ಕಡೆ ಚಾಚಿದ. "ನೀನೇ ಹೇಳು, ಎಷ್ಟು ಹೊತ್ತಿಗೆ ಬರಬೇಕು ಅಂತ."

ನೋಯೆಮಿ ಎರಡೂ ಕೈಯಿಂದ ಫೋನು ಹಿಡಿದುಕೊಂಡಳು. "ಮಮ್ಮಾ, ಈಗ್ಲೇ ಬರಬೇಡ. ಊಟ ಮಾಡ್ತೀನಿ. ಎಂಟಕ್ಕೆ ಬಾ." ಕೇಳಿಸಿಕೊಂಡಳು. "ಇಲ್ಲ, ಮಲಗಲ್ಲ." ಮತ್ತೆ ಕೇಳಿಸಿಕೊಂಡಳು. "ಇವತ್ತು ಮಲಗಲ್ಲ."

ಫೋನನ್ನು ಮೇಜಿನ ಮೇಲಿಟ್ಟು ಅವನ ಮುಖ ನೋಡಿದಳು, ಚಮಚ ಬಿದ್ದಾಗ ನೋಡಿದ ಹಾಗೆಯೇ.

"ಬೇಜಾರಾಯ್ತಾ ಪಪ್ಪಾ?"

ಇಲ್ಲ ಎನ್ನುವುದಕ್ಕೆ ಅವನ ಬಾಯಿ ತೆರೆದುಕೊಂಡಿತ್ತು.

"ಆಯ್ತು" ಎಂದ. "ತುಂಬಾ ಆಯ್ತು. ಆದ್ರೆ ಅದನ್ನ ನಾನು ನೋಡ್ಕೋತೀನಿ. ಅದು ನಿನ್ನ ಕೆಲಸ ಅಲ್ಲ."

ಅವಳು ಯೋಚಿಸಿದಳು. "ಸರಿ ಹಾಗಾದ್ರೆ" ಎಂದು ಎದ್ದು, ತಟ್ಟೆ ತರಲು ಹೋದಳು.